ಗಂಟೆ ಹೊಡೆದಾಗ ಒಳಗೇ ಕುಳಿತವನು

ಪುಕ್ಕಟೆಯಾಗಿ ಏನಾದರೂ ಕಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ಬರುವುದು ಅನುಮಾನ. ನಾನು ಓದಿದ್ದು ಐದನೇ ತರಗತಿಯವರೆಗೆ. ಆ ಐದೂ ಪುಕ್ಕಟೆಯಾಗಿರಲಿಲ್ಲ, ಪೆಟ್ಟು ತಿಂದು ಕಲಿತದ್ದು.

ಗಲ್ಫಿನಲ್ಲಿ ನಾನೂ ನನ್ನ ತಮ್ಮನೂ ಒಂದೇ ಲಾಂಡ್ರಿ ಕಂಪನಿಯಲ್ಲಿದ್ದೆವು. ಒಂದೇ ಕ್ಯಾಂಪು, ಒಂದೇ ಕೋಣೆ. ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಸರಕಾರಿ ತರಬೇತಿ ಎಲ್ಲರಿಗೂ ಕಡ್ಡಾಯ ಎಂದು ಒಂದು ದಿನ ನೋಟಿಸು ಹಾಕಿದರು. ಅದೂ ಶುಕ್ರವಾರ, ವಾರಕ್ಕೆ ಸಿಗುವ ಒಂದೇ ರಜೆ. ಕೋಣೆಯ ಕೆಟ್ಟ ಫ್ಯಾನು ಬದಲಿಸದ ಕಂಪನಿಗೆ ನಮ್ಮ ಜೀವದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿದ್ದು ಯಾಕೆ? ಮೇಲಿಂದ ಬಿರಿಯಾನಿ ಬೇರೆ ಕೊಡುತ್ತಾರಂತೆ. ನನ್ನ ಅನುಮಾನ ಗಟ್ಟಿಯಾಯಿತು.

ಬೆಳಿಗ್ಗೆ ಹಾಜರಿಗೆ ಒಂದು ಸಹಿ ಮಾಡಿಸಿದರು, ಚಹಾ ಆದ ಮೇಲೆ ಇನ್ನೊಂದು. ಎರಡನೆಯದು ಸಂಬಳ ಕಡಿಮೆ ಮಾಡಲು ಒಪ್ಪಿದ ಸಹಿ ಇರಬಹುದೆಂದು ಬೇರೆ ಥರ ಗೀಚಿದೆ. ಮುಂದೆ ಬೇಕಾದರೆ ನನ್ನದಲ್ಲ ಎನ್ನಬಹುದಲ್ಲ. ತರಬೇತಿಯವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬ ಹಿಂದಿಗೆ ತರುತ್ತಿದ್ದ, ಅದನ್ನು ತಮ್ಮ ನನ್ನ ಕಿವಿಗೆ ಕನ್ನಡದಲ್ಲಿ ಹಾಕುತ್ತಿದ್ದ. ಒಂದು ನಗೆಮಾತು ನನ್ನ ತನಕ ಬಂದು ಮುಟ್ಟುವಾಗ ಪರದೆಯ ಮೇಲೆ ಬೆಂಕಿಯಲ್ಲಿ ಸತ್ತವರ ಚಿತ್ರ ಬಂದಿತ್ತು. ನಾನು ನಕ್ಕೆ. ಇಡೀ ಹಾಲ್ ನನ್ನನ್ನು ನೋಡಿತು.

ತಮ್ಮ ಹತ್ತನೇ ಪಾಸಾದವನು. ಅವನಿಗೆ ಕೆಂಪು ಜಾಕೆಟ್ ತೊಡಿಸಿ ನಮ್ಮ ಮಹಡಿಯ ಜವಾಬ್ದಾರಿ ಕೊಟ್ಟಿದ್ದರು. ಅವತ್ತು ಎಲ್ಲ ಸರಿಯಾಗಿ ನಡೆದರೆ ಕ್ಯಾಂಪಿನ ಉಸ್ತುವಾರಿ ಅವನಿಗೇ ಎಂದು ಮ್ಯಾನೇಜರ್ ಹೇಳಿದ್ದ. ಆ ಸಂಬಳ ಬಂದರೆ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಬಹುದು. ಮಗಳು ಹುಟ್ಟಿದ ಮೇಲೆ ಅವನು ಅವಳನ್ನು ಎತ್ತಿಕೊಂಡದ್ದು ಒಂದೇ ರಜೆಯಲ್ಲಿ.

"ಅಣ್ಣ, ಊಟ ಆದ ಮೇಲೆ ಗಂಟೆ ಹೊಡೀತದೆ. ಎಲ್ಲ ಬಿಟ್ಟು ಕೆಳಗೆ ಬರುದು. ನಂಗೆ ತಲೆ ಲೆಕ್ಕ ಮಾಡ್ಲಿಕ್ಕುಂಟು."

"ಎಲ್ಲರೂ ಕೆಳಗೆ ಬಂದ್ರೆ ಕೋಣೆಯಲ್ಲಿ ಯಾರಿರುದು?"

"ಯಾರೂ ಇರ್ಲಿಕ್ಕಿಲ್ಲ ಮಾರಾಯ, ಬೆಂಕಿ ಬಿದ್ದದ್ದಲ್ವಾ!"

"ಎಲ್ಲಿ ಬಿದ್ದದೆ?"

ಅವನು ಹಣೆ ಚಚ್ಚಿಕೊಂಡು ಹೋದ. ನನಗೆ ಎಲ್ಲ ಅರ್ಥವಾಯಿತು. ಬೆಂಕಿ ಬರೀ ನೆಪ, ಎಲ್ಲರನ್ನೂ ಹೊರಗೆ ಹಾಕಿ ಕೋಣೆ ಶೋಧಿಸುವ ಉಪಾಯ. ನನ್ನ ಮಂಚದಡಿಯಲ್ಲಿ ಕರೆಂಟು ಒಲೆ ಇತ್ತು. ಮೆಸ್ಸಿನ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ ನನಗೆ ಆಗುವುದಿಲ್ಲ, ಊರಿನಿಂದ ತಂದ ಕುಚ್ಚಲಕ್ಕಿಯ ಗಂಜಿ ಬೇಯಿಸಿಕೊಳ್ಳುತ್ತಿದ್ದೆ. ಕೋಣೆಯಲ್ಲಿ ಅಡುಗೆ ಮಾಡಿ ಸಿಕ್ಕಿಬಿದ್ದವನಿಗೆ ಊರಿನ ಟಿಕೆಟ್. ಅಲ್ಲದೆ ನಾನು ಕಾಡಿನ ಬದಿಯ ಗುತ್ತಿಗಾರಿನವ. ಆನೆ ಬಂತು ಎಂದು ಬೊಬ್ಬೆ ಎದ್ದರೆ ಬಾಗಿಲು ಹಾಕಿ ಒಳಗೆ ಕೂರಬೇಕೆಂದು ಕಲಿತು ಬೆಳೆದವನು. ಬೊಬ್ಬೆ ಎದ್ದಾಗ ಹೊರಗೆ ಓಡುವುದು ಯಾವ ಊರಿನ ಬುದ್ಧಿ?

ಗಂಟೆ ಹೊಡೆಯಿತು. ಒಲೆಯನ್ನು ಲುಂಗಿಯಲ್ಲಿ ಸುತ್ತಿಕೊಂಡು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದೆ.

ಕೆಳಗೆ ತಮ್ಮನ ಲೆಕ್ಕದಲ್ಲಿ ಒಬ್ಬ ಕಡಿಮೆ. ಯಾರೆಂದು ಅವನಿಗೆ ಗೊತ್ತು, ಯಾಕೆಂದೂ ಗೊತ್ತು. ಎಲ್ಲರೂ ಬಂದಿದ್ದಾರೆ ಎಂದುಬಿಟ್ಟ. ಆದರೆ ತರಬೇತಿಯವರು ಒಂದೊಂದೇ ಮಹಡಿ ನೋಡುತ್ತ ಬಂದು ಬಾತ್‌ರೂಮಿನ ಬಾಗಿಲು ಬಡಿದರು. ಒಲೆ ಅಪ್ಪಿಕೊಂಡಿದ್ದ ನನ್ನನ್ನು ಹಾಗೆಯೇ ಅಂಗಳಕ್ಕೆ ಇಳಿಸಿದರು. ಎಲ್ಲರೂ ನಕ್ಕರು, ಮ್ಯಾನೇಜರ್ ಒಬ್ಬ ನಗಲಿಲ್ಲ. ಒಲೆ ಯಾರದ್ದೆಂದು ಹಿಂದಿಯಲ್ಲಿ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ತನ್ನದು ಎಂದ.

ಬಾಯಿ ತೆರೆಯಲು ಆಮೇಲೂ ಸಮಯವಿತ್ತು. ನಾನು ತೆರೆಯಲಿಲ್ಲ. ಅವನು ಓದಿದವನು, ಅವನನ್ನು ಕಳಿಸಲಿಕ್ಕಿಲ್ಲ ಎಂದು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡೆ. ಕಳಿಸಲಿಲ್ಲ, ನಿಜ. ಎಲ್ಲರ ಎದುರು ಜಾಕೆಟ್ ಬಿಚ್ಚಿಸಿದರು. ಉಸ್ತುವಾರಿ ಬೇರೊಬ್ಬನಿಗೆ ಹೋಯಿತು. ತಮ್ಮ ನನಗೆ ಬೈಯಲಿಲ್ಲ. ಯಾಕೆ ಬೈಯುವುದಿಲ್ಲ, ಮನಸ್ಸಿನಲ್ಲಿ ಎಂತ ಇಟ್ಟುಕೊಂಡಿದ್ದಾನೆ ಎಂದು ತಿಂಗಳುಗಟ್ಟಲೆ ಅವನನ್ನೇ ಅನುಮಾನಿಸಿದೆ.

ಈಗ ನಾನು ಊರಿನಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತೇನೆ. ತಮ್ಮ ಅಲ್ಲೇ ಇದ್ದಾನೆ. ಉಸ್ತುವಾರಿಯ ಜಾಗ ಮತ್ತೆ ಖಾಲಿಯಾಗಿದೆಯಂತೆ, ಆದರೆ ಮ್ಯಾನೇಜರ್ ಆ ಒಲೆಯನ್ನು ಮರೆತಿಲ್ಲವಂತೆ. ಇದನ್ನು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ. ತಮ್ಮನ ಹೆಂಡತಿ ಮಗಳೊಡನೆ ಬೆಟ್ಟಂಪಾಡಿಯ ತವರಿನಲ್ಲಿದ್ದಾಳೆ. ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ.

"ಅವರಿಗೆ ಚಹಾಕ್ಕೆ ನೀರಿಡ್ಲಿಕ್ಕೂ ಬರುದಿಲ್ಲ ಭಾವ," ಎಂದಳು. "ಒಲೆ ಯಾರದ್ದೂಂತ ನಂಗೆ ಆಗ್ಲೇ ಗೊತ್ತಾಗಿತ್ತು. ನನ್ನತ್ರ ಹೇಳಿ ಎಂತ ಪ್ರಯೋಜನ? ಆ ಮ್ಯಾನೇಜರಿಗೆ ಹೇಳಿ."

ಅವಳ ಎದುರೇ ಕುಳಿತು ಮ್ಯಾನೇಜರಿಗೆ ಕಳಿಸಲು ನನ್ನ ಹರುಕು ಹಿಂದಿಯಲ್ಲಿ ಫೋನಿನಲ್ಲಿ ಮಾತು ರೆಕಾರ್ಡ್ ಮಾಡತೊಡಗಿದೆ. ಕುಚ್ಚಲಕ್ಕಿ ಎಂದರೇನೆಂದು ವಿವರಿಸುತ್ತಿದ್ದಾಗ ಅವಳು ತಡೆದಳು.

"ಗಂಜಿಯ ಕಥೆ ಬೇಡ ಭಾವ. ಒಲೆ ನನ್ನದು ಅಂತ ಹೇಳಿ, ಸಾಕು."

ಹೇಳಿ ಕಳಿಸಿದೆ. ಮ್ಯಾನೇಜರ್ ಅದನ್ನು ಕೇಳಿದ್ದಾನೆ ಎಂದು ಫೋನು ತೋರಿಸುತ್ತದೆ. ಉತ್ತರವಿಲ್ಲ. ಕೆಲಸ ಬಿಟ್ಟು ಊರಿಗೆ ಹೋದವನು, ಇನ್ನು ಕಳಕೊಳ್ಳಲು ಏನೂ ಇಲ್ಲದವನು, ತಮ್ಮನಿಗಾಗಿ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡಿರಬಹುದು. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.