ನೂರಿಪ್ಪತ್ತು ದರ್ಜಿಗಳ ಕನ್ನಡಕ

ಬೆಳ್ಳಾರೆ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಇಬ್ರಾಹಿಂ ಅವರ ಎರಡನೆಯ ಮಗಳು ಆಫ್ರಾ. ಹೈಸ್ಕೂಲಿನಲ್ಲಿ ಮೂರು ವರ್ಷ ನಾನು ಅವಳಿಗೆ ವಿಜ್ಞಾನ ಕಲಿಸಿದ್ದೇನೆ. ಪುತ್ತೂರಿನಲ್ಲಿ ಬಿಎಸ್ಸಿ ಮುಗಿಸಿ, ಈಗ ಮಂಗಳೂರಿನಲ್ಲಿ ಎಂಎಸ್‌ಡಬ್ಲ್ಯೂ ಓದುತ್ತಿದ್ದಾಳೆ. ಆ ಕೋರ್ಸಿನವರು ಬೇಸಿಗೆ ರಜೆಯಲ್ಲಿ ಎಂಟು ವಾರ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಬೇಕು. ಕೊನೆಗೆ ಅಲ್ಲಿನವರು ಸಹಿ ಹಾಕಿದ ಸರ್ಟಿಫಿಕೇಟು ತಾರದಿದ್ದರೆ ಮುಂದಿನ ಸೆಮಿಸ್ಟರ್ ಇಲ್ಲ. ಅವಳ ಜೊತೆಯವರು ಸುಳ್ಯ, ಕಡಬದ ಸಂಸ್ಥೆಗಳಿಗೆ ಹೋದರು. ಆಫ್ರಾ ಹದಿನಾಲ್ಕು ಕಂಪನಿಗಳಿಗೆ ಅರ್ಜಿ ಕಳುಹಿಸಿದಳು. ಉತ್ತರ ಬಂದದ್ದು ಒಂದೇ ಕಡೆಯಿಂದ, ಶಾರ್ಜಾದ ಒಂದು ಪೈಪು ತಯಾರಿಸುವ ಕಂಪನಿಯ ಸಿಎಸ್‌ಆರ್ ವಿಭಾಗದಿಂದ. ಅವಳ ಚಿಕ್ಕಮ್ಮ ಆಸಿಯಾ ಸಂಸಾರ ಸಮೇತ ಅಲ್ಲೇ ಇರುವುದರಿಂದ ಇಬ್ರಾಹಿಂ ಒಪ್ಪಿದರು.

ಆ ಕಂಪನಿ ಸಾಮಾಜಿಕ ಸೇವೆಯ ಲೆಕ್ಕದಲ್ಲಿ ಸುತ್ತಲಿನ ಹೊಲಿಗೆ ಅಂಗಡಿಗಳ 412 ದರ್ಜಿಗಳಿಗೆ ಕಣ್ಣು ಪರೀಕ್ಷೆ ಮಾಡಿಸಿ, ಉಚಿತವಾಗಿ ಕನ್ನಡಕ ಕೊಟ್ಟಿತ್ತು. ಹೆಚ್ಚಿನವರು ಕೇರಳದವರು ಮತ್ತು ನಮ್ಮ ಕಡೆಯವರು. ಅವರು ಕನ್ನಡಕ ಬಳಸುತ್ತಾರೋ ಇಲ್ಲವೋ ತಿಳಿದು ವರದಿ ಕೊಡುವುದು ಆಫ್ರಾಳ ಕೆಲಸ. ಮಲಯಾಳ, ತುಳು, ಬ್ಯಾರಿ, ಕನ್ನಡ, ಹಿಂದಿ ಎಲ್ಲವೂ ಬರುವ ಹುಡುಗಿ ಸಿಕ್ಕಿದಳೆಂದು ವಿಭಾಗದ ಮುಖ್ಯಸ್ಥೆ ರಾನಿಯಾ ಮೇಡಂಗೆ ಖುಷಿಯಾಗಿತ್ತು. ಅವರು ಜೋರ್ಡಾನಿನವರು, ಮಾತು ಕಡಿಮೆ.

ಪಟ್ಟಿಯಿಂದ ಚೀಟಿ ಎತ್ತಿ ಆಫ್ರಾ 120 ಮಂದಿಯನ್ನು ಆರಿಸಿದಳು. ಮೂರು ವಾರ ಅಂಗಡಿ ಅಂಗಡಿ ತಿರುಗಿ ಕೇಳಿದಳು. 118 ಮಂದಿ "ದಿನಾ ಹಾಕುತ್ತೇನೆ" ಅಂದರು. ಶೇಕಡಾ ತೊಂಬತ್ತೆಂಟು. ಮೇಡಂ ಆ ಸಂಖ್ಯೆಯನ್ನು ಕಂಪನಿಯ ವಾರ್ಷಿಕ ವರದಿಗೆ ಕಳುಹಿಸಿಬಿಟ್ಟರು.

ಆ ವಾರ ಚಿಕ್ಕಮ್ಮನ ಒಂದು ಚೂಡಿದಾರ ಬಿಗಿ ಮಾಡಿಸಲಿಕ್ಕೆ ಆಫ್ರಾ ಅಚ್ಚುತ ಅವರ ಅಂಗಡಿಗೆ ಹೋದಳು. ಅಚ್ಚುತ ಬೆಳ್ಳಾರೆ ಪಕ್ಕದ ಐವರ್ನಾಡಿನವರು, 120 ಮಂದಿಯಲ್ಲಿ ಒಬ್ಬರು. ಅವರು ಸೂಜಿಯನ್ನು ತೋಳಿನುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ ದಾರ ಪೋಣಿಸುತ್ತಿದ್ದರು. ಮೂಗಿನ ಮೇಲೆ ಏನೂ ಇರಲಿಲ್ಲ.

"ಅಚ್ಚುತಣ್ಣ, ಕನ್ನಡಕ ಎಲ್ಲಿ?"

"ಉಂಟು, ಉಂಟು."

"ತೋರಿಸಿ ನೋಡುವ."

ಅಚ್ಚುತ ನಕ್ಕರು. "ನೀನೆಂತ ಪೊಲೀಸಾ ಮಾರಾಯ್ತಿ? ಊರಿಗೆ ಹೋಗುವ ಪೆಟ್ಟಿಗೆಯಲ್ಲಿ ಉಂಟು. ಅಕ್ಕನಿಗೆ ಬೀಡಿ ಕಟ್ಟುವಾಗ ಎಲೆಯ ಅಂಚು ಕಾಣುದಿಲ್ಲಂತೆ. ಅಷ್ಟು ಒಳ್ಳೆ ಕನ್ನಡಕ, ಇಲ್ಲಿ ನಾನು ಹಾಕಿ ಹಾಳು ಮಾಡುದು ಯಾಕೆ?"

"ಮತ್ತೆ ಅವತ್ತು ದಿನಾ ಹಾಕ್ತೇನೆ ಅಂದಿರಿ?"

"ಕೊಟ್ಟವರ ಕಡೆಯಿಂದ ಬಂದು ಕೇಳುವಾಗ ಇಲ್ಲ ಅಂತ ಹೇಳುದು ಹೇಗೆ? ಅದೂ ನಮ್ಮ ಬೆಳ್ಳಾರೆಯ ಹುಡುಗಿ ಬಂದು ಕೇಳುವಾಗ!"

ಆಫ್ರಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಇಬ್ರಾಹಿಂ ಹನ್ನೊಂದು ವರ್ಷ ಗಲ್ಫಿನಲ್ಲಿದ್ದವರು. ಅವರು ತಂದ ಟವೆಲು, ಟಾರ್ಚು, ಸಾಬೂನು ಯಾವುದನ್ನೂ ಅವರು ಅಲ್ಲಿ ಮುಟ್ಟಿರಲಿಲ್ಲ. ಒಳ್ಳೆಯದು ಕೈಗೆ ಬಂದರೆ ಅದು ಊರಿಗೆ ಎಂಬ ಈ ಲೆಕ್ಕ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿರಬೇಕಿತ್ತು.

ಮರುದಿನದಿಂದ ಅದೇ 120 ಮಂದಿಯ ಬಳಿಗೆ ಇನ್ನೊಮ್ಮೆ ಹೋದಳು. ಈ ಸಲ ಪ್ರಶ್ನೆ ಒಂದೇ: ಕನ್ನಡಕ ತೋರಿಸಿ. ಮೂಗಿನ ಮೇಲೋ ಮೆಷಿನಿನ ಪಕ್ಕದಲ್ಲೋ ಇದ್ದದ್ದು 25. ಪೆಟ್ಟಿಗೆಯಲ್ಲಿದ್ದದ್ದು ಅಥವಾ ಆಗಲೇ ಊರು ಸೇರಿದ್ದು 86. ಮುರಿದದ್ದು, ಕಳೆದದ್ದು 9. ಅಂದರೆ ಬಳಸುವವರು ಶೇಕಡಾ ಇಪ್ಪತ್ತೊಂದು.

ಹಾಳೆ ಹಿಡಿದು ಮೇಡಂ ಎದುರು ನಿಂತಳು. ವರದಿ ಅಚ್ಚಿಗೆ ಹೋಗಲು ನಾಲ್ಕು ದಿನ ಬಾಕಿ ಇತ್ತು.

"ತೊಂಬತ್ತೆಂಟು ಕೊಟ್ಟದ್ದು ನೀನೇ ಅಲ್ಲವೇ?" ಎಂದರು ಮೇಡಂ.

"ಹೌದು. ತಪ್ಪು ನನ್ನದು. ಕೇಳಿದೆ, ನೋಡಲಿಲ್ಲ."

"ಆಡಳಿತ ಮಂಡಳಿ ಆ ಸಂಖ್ಯೆಯನ್ನು ಒಪ್ಪಿಯಾಗಿದೆ. ಈಗ ಬದಲಿಸಿದರೆ ನಿನ್ನ ಕೆಲಸವೇ ಸರಿಯಿಲ್ಲ ಎಂದಾಗುತ್ತದೆ. ಅಂಥ ಕೆಲಸಕ್ಕೆ ನಾನು ಸರ್ಟಿಫಿಕೇಟು ಕೊಡುವುದು ಹೇಗೆ?"

ಆಫ್ರಾ ಹಾಳೆಯನ್ನು ಮೇಜಿನ ಮೇಲಿಟ್ಟಳು. "ಕೊಡದಿದ್ದರೂ ತೊಂಬತ್ತೆಂಟು ಎಂದು ನಾನು ಸಹಿ ಹಾಕುವುದಿಲ್ಲ ಮೇಡಂ. ನೀವೇ ಹತ್ತು ಅಂಗಡಿ ನೋಡಿ. ಯಾವುದೆಂದು ನೀವೇ ಆರಿಸಿ."

ಮೇಡಂ ಅಂದೇ ಮಧ್ಯಾಹ್ನ ಆಫ್ರಾಳನ್ನು ಕರೆದುಕೊಂಡು ಹೊರಟರು. ಹತ್ತರಲ್ಲಿ ಕನ್ನಡಕ ಕಂಡದ್ದು ಎರಡು ಕಡೆ. ಕೊನೆಗೆ ಅಚ್ಚುತ ಅವರ ಅಂಗಡಿ. ಅವರು ಪೆಟ್ಟಿಗೆ ಬಿಚ್ಚಿ, ಲುಂಗಿಯೊಳಗೆ ಸುತ್ತಿಟ್ಟಿದ್ದ ಕನ್ನಡಕ ತೆಗೆದು ಕೊಟ್ಟರು. ವಾಪಸು ಕೇಳಲು ಬಂದಿದ್ದಾರೆಂದು ತಿಳಿದಿದ್ದರು.

ಕಾರಿನಲ್ಲಿ ಮೇಡಂ ಕೇಳಿದರು: "ಹಾಗಾದರೆ ಯೋಜನೆ ವ್ಯರ್ಥವೇ?"

"ಅಲ್ಲ ಮೇಡಂ. ಅವರ ಅಕ್ಕನಿಗೂ ಕನ್ನಡಕ ಬೇಕು. ಆದರೆ ಇದು ನಲವತ್ತನಾಲ್ಕು ವರ್ಷದ ತಮ್ಮನ ಕಣ್ಣಿಗೆ ಅಳೆದ ಪವರ್. ಅಕ್ಕನಿಗೆ ಅರವತ್ತು ದಾಟಿದೆ. ಊರಿನಲ್ಲಿ ಪರೀಕ್ಷೆ ಮಾಡಿಸಿ ಚೀಟಿ ಕಳುಹಿಸಿದರೆ ಆ ಪವರಿನದ್ದು ಇನ್ನೊಂದು ಕೊಡುವ. ಮನೆಯವರಿಗೆ ಒಂದು ಹೋದರೆ ಇವರು ತಮ್ಮದನ್ನು ಹಾಕುತ್ತಾರೆ."

ವಾರ್ಷಿಕ ವರದಿಯ ಮೂವತ್ತೊಂದನೆಯ ಪುಟದಲ್ಲಿ ಹೀಗೆ ಅಚ್ಚಾಯಿತು: ಪರಿಶೀಲಿಸಿದ 120ರಲ್ಲಿ ಬಳಕೆಯಲ್ಲಿರುವುದು 25, ಅಂದರೆ ಶೇಕಡಾ 21. ಕಾರಣವನ್ನು ಕಂಡುಹಿಡಿದವರು, ಆಫ್ರಾ, ಬೆಳ್ಳಾರೆ. ಊರಿನ ಹೆಸರು ಸೇರಿಸಿದ್ದು ಮೇಡಂ. ಸರ್ಟಿಫಿಕೇಟಿನಲ್ಲಿ ತಮ್ಮ ಕೈಯಲ್ಲೇ ಒಂದು ಸಾಲು ಬರೆದರು: ತನ್ನ ತಪ್ಪನ್ನು ತಾನೇ ಹುಡುಕಿ ತಂದ ಮೊದಲ ಇಂಟರ್ನ್. ಈಗ ಎರಡನೆಯ ಕನ್ನಡಕಕ್ಕಾಗಿ 57 ಚೀಟಿಗಳು ಊರುಗಳಿಂದ ಅಲ್ಲಿಗೆ ತಲುಪಿವೆ.

ಮೊನ್ನೆ ಚಪ್ಪಲಿ ಕೊಳ್ಳಲು ಹೋಗಿದ್ದೆ. ಇಬ್ರಾಹಿಂ ಫೋನಿನಲ್ಲಿ ಆ ಪುಟ ತೆಗೆದು ಕುಕ್ಕಪ್ಪ ಎಂಬ ಗಿರಾಕಿಗೆ ತೋರಿಸುತ್ತಿದ್ದರು.

"ನೂರಕ್ಕೆ ಇಪ್ಪತ್ತೊಂದಾ?" ಕುಕ್ಕಪ್ಪ ಕೇಳಿದರು. "ಇಷ್ಟು ಮಾರ್ಕಿಗೆ ವಿಮಾನ ಹತ್ತಿ ಹೋಗ್ಬೇಕಿತ್ತಾ ಮಾರಾಯ್ರೆ? ನಮ್ಮ ಹುಡುಗ ಬಸ್ಸಿನಲ್ಲಿ ಹೋಗಿ ತರ್ತಾನೆ."

"ತೊಂಬತ್ತೆಂಟು ಅಂತ ಬರೆದು ಬರ್ಲಿಕ್ಕೆ ಯಾರಿಗೂ ಆಗ್ತದೆ," ಎಂದರು ಇಬ್ರಾಹಿಂ. "ಇದು ನನ್ನ ಮಗಳು ಬಾಗಿಲು ಬಾಗಿಲು ತಟ್ಟಿ ಎಣಿಸಿದ್ದು."

ಒಳಗಿನಿಂದ ಆಫ್ರಾಳ ಸ್ವರ ಬಂತು. "ಉಪ್ಪಾ, ಸಾಕು. ಮಾಸ್ಟ್ರು ನಿಂತಿದ್ದಾರೆ, ಅವರಿಗೆ ಚಪ್ಪಲಿ ತೋರಿಸಿ."

"ತೋರಿಸ್ತೇನೆ," ಎಂದು ಇಬ್ರಾಹಿಂ ನನ್ನ ಕಡೆ ತಿರುಗಿ ಫೋನು ಚಾಚಿದರು. "ಮಾಸ್ಟ್ರೇ, ಮೊದಲು ಇದು ನೋಡಿ."