ಡ್ರಾಯಿಂಗ್ ಮೇಷ್ಟ್ರ ಫೋಟೋ ಪುಸ್ತಕಗಳು

ಮುಳಬಾಗಿಲಿನಲ್ಲಿ ಕ್ಯಾಮೆರಾ ಇಲ್ಲದೆ ಫೋಟೋ ಪುಸ್ತಕಗಳನ್ನು ಕೂಡಿಟ್ಟ ಮನುಷ್ಯ ಒಬ್ಬರೇ, ನಮ್ಮ ಮಿಡ್ಲ್ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಕೋದಂಡರಾಮಪ್ಪನವರು. ಅದೇ ಶಾಲೆಯಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ನಮ್ಮಿಬ್ಬರ ಮನೆ ಎದುರುಬದುರು. ಅವರ ವಿಷಯ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಇಲ್ಲವೆನ್ನುವವರು ಬಂದು ಜಗಳಕ್ಕೆ ನಿಲ್ಲಲಿ.

ಶುರುವಾದದ್ದು ಮೂವತ್ತನಾಲ್ಕನೆಯ ಇಸವಿಯಲ್ಲಿ. ಚಿನ್ನದ ಗಣಿಯ ದೊರೆಯೊಬ್ಬ ಕೆಲಸ ಬಿಟ್ಟು ಸೀಮೆಗೆ ಹೊರಟಾಗ ಅವನ ಬಂಗಲೆಯ ಜಗಲಿಯಲ್ಲಿ ಸಾಮಾನು ಹರಾಜಿಗೆ ಬಂತು. ಜನ ಕುರ್ಚಿ, ಪಿಂಗಾಣಿ ತಟ್ಟೆ, ಗೋಡೆ ಗಡಿಯಾರಗಳಿಗೆ ಮುಗಿಬಿದ್ದರು. ನಾನೂ ಒಂದು ಲಾಟೀನು ಕೂಗಿ ಹಿಡಿದೆ, ಅದು ಮನೆಗೆ ಬಂದಮೇಲೆ ಒಂದು ದಿನವೂ ನೆಟ್ಟಗೆ ಉರಿಯಲಿಲ್ಲ. ಕೋದಂಡರಾಮಪ್ಪನವರು ಮಾತ್ರ ಒಂದು ಮೂಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಯಾರಿಗೂ ಬೇಡವಾದ ಒಂದು ದಪ್ಪ ಪುಸ್ತಕವನ್ನು ತಿರುವುತ್ತಿದ್ದರು. ಯಾವುದೋ ಚಳಿದೇಶದ ಮೀನುಗಾರರ ಫೋಟೋಗಳು. ಅದನ್ನು ಕಂಕುಳಲ್ಲಿ ಇರುಕಿಕೊಂಡು ರಾಜ್ಯ ಗೆದ್ದವರ ಹಾಗೆ ಬಸ್ಸು ಹತ್ತಿದರು.

ಊರು ಸುಮ್ಮನಿರುತ್ತದೆಯೇ? "ಕ್ಯಾಮೆರಾ ಎಲ್ಲಿ ಮೇಷ್ಟ್ರೇ?" ಎಂದು ಸಿಕ್ಕಸಿಕ್ಕವರೆಲ್ಲ ಕಿಚಾಯಿಸಿದರು. ಅವರು ಸಿಟ್ಟಾಗಲಿಲ್ಲ.

"ಸಂಗೀತ ಕೇಳೋರೆಲ್ಲ ಮನೇಲಿ ಪಿಟೀಲು ಇಟ್ಕೊಂಡಿರ್ತಾರೇನ್ರೀ?" ಎಂದರು.

ಅಲ್ಲಿಂದ ಮುಂದೆ ಅದೊಂದು ಹುಚ್ಚೇ ಆಯಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಹಳೆಯ ಪುಸ್ತಕದ ಅಂಗಡಿಯೊಂದನ್ನು ಹುಡುಕಿ ಗೊತ್ತುಮಾಡಿಕೊಂಡರು. ಫೋಟೋ ಪುಸ್ತಕ ಬಂದಾಗಲೆಲ್ಲ ಅಂಗಡಿಯವನು ಎರಡೋ ಮೂರೋ ಕಟ್ಟಿ ಬಸ್ಸಿನಲ್ಲಿ ಹಾಕಿ ಕಳಿಸುವನು. ಇವರು ಒಂದು ವಾರ ಇಟ್ಟುಕೊಂಡು ನೋಡಿ, ಬೇಕಾದ್ದನ್ನು ಉಳಿಸಿಕೊಂಡು ಬೇಡವಾದ್ದನ್ನು ಅದೇ ಬಸ್ಸಿನಲ್ಲಿ ವಾಪಸ್ಸು ಕಳಿಸುವರು. ಆ ಒಂದು ವಾರ ನೋಡಬೇಕಿತ್ತು ಅವರನ್ನು. ಹೆಣ್ಣು ನೋಡಲು ಬಂದ ಬೀಗರೂ ಅಷ್ಟು ಪರೀಕ್ಷೆ ಮಾಡುವುದಿಲ್ಲ.

ಮೊದಲು ತಾವು ನೋಡುವರು. ಫೋಟೋದ ಕೆಳಗೆ ಅಚ್ಚಾದ ಇಂಗ್ಲಿಷನ್ನು ಅಂಗೈಯಿಂದ ಮುಚ್ಚಿಬಿಡುವರು. "ಬರೆದಿರೋದು ಓದಿದ್ಮೇಲೆ ಚೆನ್ನಾಗಿದೆ ಅನ್ನಿಸೋ ಫೋಟೋ ನಂಗೆ ಬೇಡ ಕಣ್ರೀ, ಅದಕ್ಕೆ ಪೇಪರ್ ಓದಿದ್ರೆ ಸಾಕು" ಎಂಬುದು ಅವರ ವಾದ. ಆಮೇಲೆ ಪುಸ್ತಕ ಹಿದಾಯತುಲ್ಲಾ ಸಾಬರ ಅಂಗಡಿಗೆ ಹೋಗುವುದು. ಸಾಬರು ಶಾಲೆಯ ಹಾಜರಿ ಪುಸ್ತಕಗಳಿಂದ ಹಿಡಿದು ಕುರಾನಿನವರೆಗೆ ಊರಿನ ಎಲ್ಲ ಪುಸ್ತಕಗಳಿಗೂ ರಟ್ಟು ಕಟ್ಟುವವರು. ಅವರು ಪುಸ್ತಕವನ್ನು ನಡುವಿಗೆ ಬಿಚ್ಚಿ ಹಲಗೆಯ ಮೇಲೆ ಮಲಗಿಸಿ, ಬೆನ್ನಿನ ಹೊಲಿಗೆಯನ್ನು ಉಗುರಿನಿಂದ ಮೀಟಿ ನೋಡುವರು.

"ಇದು ಕಚ್ಚಾ ಮಾಲು ಮೇಷ್ಟ್ರೇ. ನಿಮ್ಮ ಮನೇಲಿ ಹತ್ತು ಜನ ನೋಡ್ತಾರೆ. ಹಾಳೆ ಕೈಗೆ ಬರ್ತದೆ" ಎಂದು ಸಾಬರು ಹೇಳಿದರೆ ಆ ಪುಸ್ತಕದ ಕಥೆ ಅಲ್ಲಿಗೆ ಮುಗಿಯಿತು.

ಇಷ್ಟಾದ ಮೇಲೂ ಕೊನೆಯ ತೀರ್ಮಾನ ಅವರ ತಾಯಿ ಆವಲಮ್ಮನದು. ಆವನಿಯ ಕಡೆಯ ಒಕ್ಕಲು ಮನೆತನದ ಹೆಂಗಸು, ಅಕ್ಷರ ಕಲಿತವಳಲ್ಲ, ಮಾತು ಅರ್ಧ ಕನ್ನಡ ಅರ್ಧ ತೆಲುಗು, ಹಿರಿಯ ಮಗನನ್ನು ಅಕ್ಕರೆಯಿಂದ ಕರೆಯುವುದು 'ನಾಯನಾ' ಎಂದು. ಆ ಮೊದಲನೆಯ ಮೀನುಗಾರರ ಪುಸ್ತಕ ಮನೆಗೆ ಬಂದ ದಿನ ಅವಳು ಹೊಸಿಲ ಬಳಿ ಹುಣಸೆಹಣ್ಣು ಕುಟ್ಟುತ್ತ ಕೂತಿದ್ದಳು. ಕೈ ತೊಳೆದುಕೊಂಡು ಬಂದು ಪುಸ್ತಕ ತಿರುವಿದಳು. ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕಿಯನ್ನು ದಾಟಿ ಮುಂದೆ ಹೋದವಳು ಮತ್ತೆ ಹಾಳೆ ಹಿಂದಕ್ಕೆ ತಿರುಗಿಸಿದಳು.

"ಪಾಪ, ಕಣ್ಣು ಮಂಜಾಗಿದೆ ಕಣೋ ಇವಳಿಗೆ. ಎಷ್ಟು ಹತ್ರ ಹಿಡ್ಕೊಂಡಿದ್ದಾಳೆ ನೋಡು ನಾಯನಾ. ಸೊಸೆ ಇಲ್ವೇನೋ ಮನೇಲಿ" ಎಂದಳು.

ಆವತ್ತಿನಿಂದ ಅದೇ ಕಾನೂನು. ಅಮ್ಮ ಒಂದು ಸಲವಾದರೂ ಹಾಳೆ ಹಿಂದಕ್ಕೆ ತಿರುಗಿಸಿದರೆ ಪುಸ್ತಕ ಮನೆಯದು, ಇಲ್ಲದಿದ್ದರೆ ಬಸ್ಸಿನದು. ಮೋಡಗಳದೇ ಒಂದು ಪುಸ್ತಕ ಬಂದಾಗ ಅವಳು ಸರಸರನೆ ಮುಗಿಸಿ, "ಇದರಲ್ಲಿ ಒಂದೂ ಮಳೆ ಬರೋ ಮೋಡ ಇಲ್ಲ" ಎಂದು ಎದ್ದಳು. ರೇಷ್ಮೆ ಗೌನು ತೊಟ್ಟ ದೊರೆಸಾನಿಗಳ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿ, "ಒಬ್ಬಳಿಗೂ ಅಲ್ಲಿ ನಿಂತ್ಕೊಳಕ್ಕೆ ಮನಸ್ಸಿಲ್ಲ, ಬಲವಂತಕ್ಕೆ ನಿಲ್ಲಿಸಿದ್ದಾರೆ" ಎಂದಳು.

ನನಗೆ ಮೈಯೆಲ್ಲ ಉರಿದದ್ದು ಹಿಮದ ಬೆಟ್ಟಗಳ ಪುಸ್ತಕ ವಾಪಸ್ಸು ಹೋದಾಗ. ಚಿನ್ನದ ಅಕ್ಷರದ ರಟ್ಟು, ಕನ್ನಡಿಯಂಥ ಕಾಗದ, ಸಾಬರೇ ತಲೆದೂಗಿದ ಹೊಲಿಗೆ. ಆವಲಮ್ಮ ಕೊನೆಯ ಹಾಳೆಯವರೆಗೂ ಸಮಾಧಾನವಾಗಿ ನೋಡಿ, "ಬರೀ ಚಳಿ" ಎಂದಳು. ಮಾರನೆಯ ಬಸ್ಸಿಗೆ ಪುಸ್ತಕ ಹೋಯಿತು.

"ಓದು ಬರಹ ಬಾರದ ಮುದುಕಿ ಮಾತಿಗೆ ಇಂಥಾ ಪುಸ್ತಕ ಕಳಿಸೋದಾ? ನಿಮಗೆ ತಲೆ ನೆಟ್ಟಗಿದೆಯಾ?" ಎಂದು ಬೀದಿಯಲ್ಲೇ ಕೂಗಾಡಿದೆ.

"ಶಾಲೆ ಪುಸ್ತಕ ಆಗಿದ್ರೆ ನೀವು ಹೇಳಿದ ಹಾಗೆ ಕೇಳ್ತಿದ್ದೆ ಅಶ್ವತ್ಥಪ್ಪ. ಇದು ಮನೇದು. ದಿನವೆಲ್ಲ ಮನೇಲಿರೋಳು ಅವಳು. ನಾನು ಶಾಲೇಲಿರ್ತೀನಿ. ಮನೇಲಿರೋರು ಎತ್ತಿ ನೋಡದ ಪುಸ್ತಕ ಮನೇಲಿ ಯಾಕ್ರೀ?" ಎಂದರು ಅವರು, ಸ್ವಲ್ಪವೂ ದನಿ ಏರಿಸದೆ.

ಸಂಜೆಯ ಹೊತ್ತು ತಾಯಿಯ ಪಕ್ಕ ಕೂತು ಫೋಟೋಗಳ ಕೆಳಗಿನ ಬರಹವನ್ನು ಓದಿ ಹೇಳುವುದು ಅವರ ಪಾಠ. ಒಂದಕ್ಷರ ಕೂಡಿಸುತ್ತಿರಲಿಲ್ಲ, ಕಳೆಯುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುವರು. ಹಾಗಾಗಿ ಫೋಟೋ ವಿಷಯದಲ್ಲಿ ಆವಲಮ್ಮನಿಗೆ ಮಗ ಹೇಳಿದ್ದೇ ವೇದವಾಕ್ಯ. ಬೀದಿಯ ಹೆಂಗಸರು ಏನಾದರೂ ಊಹಿಸಿ ಹೇಳಿದರೆ, "ಇರು, ನಮ್ಮ ನಾಯನ ಬರಲಿ" ಎನ್ನುವಳು.

ನಲವತ್ತೆರಡರಲ್ಲಿ ಕೋದಂಡರಾಮಪ್ಪನವರ ತಮ್ಮ ಮುನಿಯಲ್ಲಪ್ಪ ಸೈನ್ಯಕ್ಕೆ ಸೇರಿದ. ಅಲ್ಲಿಯವರೆಗೆ ಆವನಿಯ ಹೊಲ ನೋಡಿಕೊಂಡಿದ್ದ ಗಟ್ಟಿ ಆಳು, ನಗುಮುಖದವನು. ಸೇತುವೆ ಕಟ್ಟುವ ದಂಡಿಗೆ ಹಾಕಿಕೊಂಡು ಬರ್ಮಾದ ಕಡೆ ಕಳಿಸಿದರು. ಮೊದಮೊದಲು ಕಾಗದ ಬರುತ್ತಿತ್ತು. ನಲವತ್ತಮೂರರ ರಾಗಿ ಕೊಯ್ಲಿನ ಹೊತ್ತಿಗೆ ಅದು ನಿಂತಿತು. ಆವಲಮ್ಮ ಅಂಚೆಯವನನ್ನು ಕೇಳುವುದನ್ನೂ ಬಿಟ್ಟಳು. ಊಟದ ಹೊತ್ತಿಗೆ ಬಾಗಿಲ ಕಡೆ ನೋಡುತ್ತ ಕೂರುವಳು.

ಮರುವರ್ಷ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಒಂದು ಕಟ್ಟು ಬಂತು. ಅಂಗಡಿಯವನು ಎರಡು ಒಳ್ಳೆಯ ಪುಸ್ತಕಗಳ ಜೊತೆ ಯುದ್ಧದ ಫೋಟೋಗಳ ಒಂದು ತೆಳ್ಳನೆಯ ಪುಸ್ತಕವನ್ನೂ ಸೇರಿಸಿದ್ದ. ಸರ್ಕಾರದ ಪ್ರಚಾರಕ್ಕೆಂದು ಅಚ್ಚುಹಾಕಿಸಿದ್ದು. ಒರಟು ಕಾಗದ, ಹರಡಿದ ಮಸಿ, ಹೊಲಿಗೆಯ ಬದಲು ತಂತಿಯ ಮೊಳೆ. ಸಾಬರಂತೂ ಅದನ್ನು ಎರಡು ಬೆರಳಲ್ಲಿ ಎತ್ತಿಹಿಡಿದು ನಕ್ಕುಬಿಟ್ಟರು. ಕೋದಂಡರಾಮಪ್ಪನವರು ವಾಪಸ್ಸು ಕಳಿಸುವ ಕಟ್ಟಿನ ಮೇಲೆ ಅದನ್ನಿಟ್ಟು ಶಾಲೆಗೆ ಬಂದರು.

ಸಂಜೆ ನಾವಿಬ್ಬರೂ ಮನೆಯ ಹತ್ತಿರ ಬಂದಾಗ ಅವರ ಜಗಲಿಯ ತುಂಬ ಜನ. ಅವರ ಹೆಂಡತಿ ಚಿಕ್ಕವೆಂಕಟಮ್ಮ ಓಡಿಬಂದಳು.

"ನಮ್ಮ ಮುನಿಯಲ್ಲಪ್ಪ ಪುಸ್ತಕದಲ್ಲಿ ಬಂದವ್ನೆ ಕಣ್ರೀ! ಅತ್ತೆ ಆ ಹಾಳೇನೇ ಹಿಂದಕ್ಕೆ ತಿರುಗ್ಸಿ ತಿರುಗ್ಸಿ ನೋಡ್ತಾವ್ರೆ. ನಾನು ಹೋಗಿ ನೋಡಿದ್ರೆ, ಅವನೇ!"

ಕಾಲುವೆಯೊಂದಕ್ಕೆ ಸೇತುವೆ ಹಾಕುತ್ತಿದ್ದ ಸಿಪಾಯಿಗಳು. ಹಲಗೆ ಹೊತ್ತ ಒಬ್ಬ ಈ ಕಡೆ ತಿರುಗಿ ನಗುತ್ತಿದ್ದ. ನಾನೂ ನೋಡಿದೆ. ಅದೇ ನಗು, ಅದೇ ಭುಜ. ನನ್ನ ಕಣ್ಣಲ್ಲಿ ನೀರು ಬಂತು. ಯಾರೋ ಭಕ್ತಿಯಿಂದ ಹಾಳೆಯ ಮೇಲೆ ಒಂದು ಕನಕಾಂಬರ ಇಟ್ಟರು. ಆವಲಮ್ಮ ಅದನ್ನು ಕಿತ್ತು ಬೀದಿಗೆ ಎಸೆದಳು.

"ಬದುಕಿರೋರ ಪಟಕ್ಕೆ ಹೂ ಇಡ್ತಾರೇನೇ? ಬುದ್ಧಿ ಬೇಡ್ವಾ ನಿಮಗೆ?" ಎಂದು ಅವಳು ಗದರಿದ್ದಕ್ಕೆ ಜಗಲಿ ಖಾಲಿಯಾಯಿತು.

ಕೋದಂಡರಾಮಪ್ಪನವರು ಪುಸ್ತಕವನ್ನು ಬೆಳಕಿಗೆ ಒಯ್ದು ಭೂತಗನ್ನಡಿ ಹಿಡಿದರು. ಹತ್ತಿರ ಹೋದಷ್ಟೂ ಆ ಮುಖ ಕರಿ ಚುಕ್ಕೆಗಳಾಗಿ ಚೆದುರಿಹೋಗುತ್ತಿತ್ತು. ಆಮೇಲೆ ಕೆಳಗಿನ ಇಂಗ್ಲಿಷ್ ಓದಿದರು. ಓದಿ ನನ್ನ ಕಡೆ ತಿರುಗಿಸಿದರು. ಈಜಿಪ್ಟು, ನಲವತ್ತೊಂದನೆಯ ಇಸವಿ ಎಂದಿತ್ತು. ಆ ವರ್ಷ ಮುನಿಯಲ್ಲಪ್ಪ ಆವನಿಯಲ್ಲಿ ಉಳುತ್ತಿದ್ದ. ಅವನ ಕೈಯಿಂದ ನಾನೇ ಅವರೆಕಾಯಿ ಇಸಿದುಕೊಂಡಿದ್ದೆ.

"ಬಾಯಿ ಬಿಡ್ಬೇಡಿ" ಎಂದೆ. "ಎಷ್ಟು ದಿನಕ್ಕೆ ಆ ತಾಯಿ ಮುಖದಲ್ಲಿ ಕಳೆ ಬಂದಿದೆ. ನೀವೇನಾದ್ರೂ ಹೇಳಿದ್ರೆ ನಿಮ್ಮ ಹೊಸಿಲು ತುಳಿಯಲ್ಲ ನಾನು."

"ಅವಳಿಗೆ ಓದಕ್ಕೆ ಬರಲ್ಲ ಅಂತ ಒಂದು ಫೋಟೋ ಬಗ್ಗೇನೂ ನಾನು ಸುಳ್ಳು ಹೇಳಿಲ್ಲ. ಇವತ್ತು ಹೇಳಿದ್ರೆ ಇಷ್ಟು ವರ್ಷ ಓದಿ ಹೇಳಿದ್ದೆಲ್ಲ ಸುಳ್ಳಾಗೋಗುತ್ತೆ ಅಶ್ವತ್ಥಪ್ಪ."

"ಅವಳ ಜೀವಕ್ಕಿಂತ ನಿಮ್ಮ ಪುಸ್ತಕ ಹೆಚ್ಚಾಯ್ತಾ?"

ಅವರು ಪುಸ್ತಕ ಎತ್ತಿಕೊಂಡರು. ಒಳಗೆ ಹೋಗಿ ತಾಯಿಯ ಪಕ್ಕ ಕೂತರು. ಬೈದುಕೊಂಡೇ ನಾನೂ ಹಿಂದೆ ಹೋದೆ. ಎಂದಿನಂತೆ ಬೆರಳಿಟ್ಟು ಓದಿ, ಅರ್ಥ ಹೇಳಿದರು. ಕೊನೆಗೆ, "ಇವನು ನಮ್ಮ ಮುನಿಯಲ್ಲಪ್ಪ ಅಲ್ಲಮ್ಮ" ಎಂದರು.

ಆವಲಮ್ಮ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನಂಗೆ ಗೊತ್ತು ಕಣೋ" ಎಂದಳು. "ಹೆತ್ತೋಳಿಗೆ ಗೊತ್ತಾಗಲ್ವಾ? ನಮ್ಮೋನು ಅಂದಿದ್ದು ನಿನ್ನ ಹೆಂಡ್ತಿ, ಈ ಬೀದಿಯೋರು. ನಾನು ಅಂದ್ನಾ?"

"ಮತ್ತೆ ಯಾಕಮ್ಮ ಅದೇ ಹಾಳೆ ನೋಡ್ತಾ ಕೂತಿದ್ದೀಯ?"

"ಇವನ್ನೂ ಒಬ್ಬಳು ಹೆತ್ತಿರ್ತಾಳೆ. ಅವಳ ಮನೆಗೆ ಈ ಪುಸ್ತಕ ಹೋಗಿರಲ್ಲ. ನೀನು ಬಸ್ಸಿಗೆ ಹಾಕ್ಬಿಟ್ರೆ ಇವನ್ನ ನೋಡೋರು ಯಾರು ನಾಯನಾ? ನಾನು ನೋಡ್ಕೊಂಡಿರ್ತೀನಿ. ನಮ್ಮೋನ ಪಟಾನೂ ಎಲ್ಲಾದ್ರೂ ಯಾರಾದ್ರೂ ತಾಯಿ ನೋಡ್ತಿರ್ಲಿ."

ಅಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ. ಮನೆಗೆ ಬಂದು ಸುಮ್ಮಸುಮ್ಮನೆ ಹೆಂಡತಿಯ ಮೇಲೆ ರೇಗಿದೆ.

ಮಾರನೆಯ ಬೆಳಿಗ್ಗೆ ಕೋದಂಡರಾಮಪ್ಪನವರು ಆ ಪುಸ್ತಕವನ್ನು ಸಾಬರಿಗೆ ಕೊಟ್ಟರು. ಸಾಬರು ಈ ಸಲ ನಗಲಿಲ್ಲ. ತಂತಿ ಕಿತ್ತು, ದಾರದಲ್ಲಿ ಹೊಲಿದು, ಬೆನ್ನಿಗೆ ಕೆಂಪು ಚರ್ಮ ಹಾಕಿ ಕೊಟ್ಟರು. ಆವಲಮ್ಮ ದಿನಾ ಅದನ್ನು ತೆಗೆದು ಆ ಹುಡುಗನನ್ನು ಒಮ್ಮೆ ನೋಡಿ ಇಡುವಳು. ಹಬ್ಬದ ದಿನ, "ಏನು ತಿಂದನೋ ಏನೋ" ಎನ್ನುವಳು. ಯಾರನ್ನು ಕುರಿತು ಹೇಳಿದಳೆಂದು ನಾವು ಕೇಳುತ್ತಿರಲಿಲ್ಲ.

ಯುದ್ಧ ಮುಗಿಯಿತು. ನಲವತ್ತಾರರಲ್ಲಿ, ಊರೆಲ್ಲ ಆಸೆ ಬಿಟ್ಟಿದ್ದಾಗ, ಮುನಿಯಲ್ಲಪ್ಪ ಕೋಲಾರದ ಬಸ್ಸಿನಿಂದ ಇಳಿದ. ಚಳಿಜ್ವರಕ್ಕೆ ಸೊರಗಿ ಅರ್ಧ ಆಳಾಗಿದ್ದ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸಿದ್ದರಂತೆ, ಬರೆಸಿದ ಕಾಗದ ಒಂದೂ ತಲುಪಿರಲಿಲ್ಲ. ಆವಲಮ್ಮ ಅವನನ್ನು ತಬ್ಬಿಕೊಂಡು ಅತ್ತದ್ದನ್ನು, ಬೈದದ್ದನ್ನು, ಮತ್ತೆ ಅತ್ತದ್ದನ್ನು ಬರೆಯುವ ಶಕ್ತಿ ನನಗಿಲ್ಲ. ನನಗೂ ಅಲ್ಲೇ ಊಟ. ಅವನು ಕೈತೊಳೆದು ಬರುವಷ್ಟರಲ್ಲಿ ಅವಳು ಕೆಂಪು ಬೆನ್ನಿನ ಪುಸ್ತಕ ತಂದು ಆ ಹಾಳೆ ತೆಗೆದಿಟ್ಟಳು.

"ಇವನು ಸಿಕ್ಕಿದ್ನೇನೋ ನಿಂಗೆ ಅಲ್ಲಿ?"

ಮುನಿಯಲ್ಲಪ್ಪ ಈಜಿಪ್ಟನ್ನು ಕಂಡವನೇ ಅಲ್ಲ. ಫೋಟೋ ನೋಡಿದ, ತಾಯಿಯ ಮುಖ ನೋಡಿದ.

"ಸಿಕ್ಕಿದ್ದ ಕಣಮ್ಮ" ಎಂದ. "ನಮಗಿಂತ ಮುಂಚೇನೇ ಊರಿಗೆ ಹೋದ."

"ಕೈಕಾಲು ಎಲ್ಲಾ ನೆಟ್ಟಗಿತ್ತಾ?"

"ನೆಟ್ಟಗಿತ್ತು. ಅವರಮ್ಮ ಸ್ಟೇಷನ್ನಿಗೇ ಬಂದಿದ್ಳಂತೆ."

ಆವಲಮ್ಮನ ಕಣ್ಣು ತುಂಬಿತು. ಆದರೆ ಫೋಟೋ ವಿಷಯದಲ್ಲಿ ಅವಳು ಬೇರೆ ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ, ಕಿರಿಯ ಮಗನೇ ಹೇಳಿದರೂ. ಕಂಬಕ್ಕೆ ಒರಗಿ ನಿಂತಿದ್ದ ಹಿರಿಯ ಮಗನ ಕಡೆ ತಿರುಗಿದಳು.

"ಹೌದೇನೋ ನಾಯನಾ?"

ಕೋದಂಡರಾಮಪ್ಪನವರು ತಮ್ಮನನ್ನು ನೋಡಿದರು, ಪುಸ್ತಕವನ್ನು ನೋಡಿದರು.

"ಹೌದಮ್ಮ" ಎಂದರು.