ಮಡಿಲಿಗೆ ಬಿದ್ದ ನೋಟು

ಪ್ರಚಾರದ ಜೀಪಿನ ಮೈಕು ಕೀ ಎಂದು ಕಿರುಚಿ ಗಕ್ಕನೆ ಬಾಯಿ ಮುಚ್ಚಿಕೊಂಡ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲದ ಅಸೆಂಬ್ಲಿ ಎಲೆಕ್ಷನ್ನು. ತರೀಕೆರೆಯ ಬೀದಿಗಳಲ್ಲಿ ದಿನವಿಡೀ ಅರಚುತ್ತಿದ್ದ ಆ ಮೈಕು ಒಂದು ಸಂಜೆ ನಿಂತಾಗ ಥ್ಯಾಂಕ್ ಗಾಡ್ ಎಂದುಕೊಂಡೆ. ನಿಜವಾದ ಓಡಾಟ ಶುರುವಾಗುವುದೇ ಮೈಕು ನಿಂತ ಮೇಲೆ ಎಂಬುದು ಕಾನ್ವೆಂಟಿನಲ್ಲಿ ಸಿವಿಕ್ಸ್ ಓದಿದವಳಿಗೆ ಗೊತ್ತಿರಲಿಲ್ಲ.

ನಾನಾಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಪ್ರೊಬೇಷನ್ ಮುಗಿಯಲು ಇನ್ನೂ ಮೂರು ತಿಂಗಳಿತ್ತು. ಯಜಮಾನರು ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದರು. ಮನೆ ನಡೆಯುತ್ತಿದ್ದದ್ದು ನನ್ನ ಸಂಬಳದಿಂದ.

ಅದೇ ಸಂಜೆ ನಮ್ಮ ಮನೆ ಓನರ್ ಹೆಂಡತಿ ಸ್ಟೀಲು ತಟ್ಟೆ ಹಿಡಿದು ಬಂದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೀದಿಯ ಮುತ್ತೈದೆಯರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಿದ್ದಾರೆಂದು ಮಧ್ಯಾಹ್ನವೇ ಕೇಳಿದ್ದೆ. ಯಾವ ಹಬ್ಬ ಎಂದು ಕೇಳಬೇಕೆಂದು ಹೊಳೆಯಲಿಲ್ಲ.

“ಸೆರಗು ಹಿಡಿ ಕಣೇ,” ಎಂದು ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಮಡಿಸಿದ ರವಿಕೆ ಕಣ ಹಾಕಿದರು. “ಎಲೆಕ್ಷನ್ ಡ್ಯೂಟಿ ಎಲ್ಲಿಗೆ ಬಿದ್ದೈತೆ?”

“ಅಜ್ಜಂಪುರದ ಆಚೆ ಅಕ್ಕ. ಬೆರಳಿಗೆ ಇಂಕು ಹಚ್ಚೋದು ನನ್ನ ಕೆಲಸ,” ಎಂದೆ. ಜಂಬದಿಂದಲೇ ಹೇಳಿದ್ದೆ.

ಅವರು ಹೋದ ಮೇಲೆ ಕಣ ಬಿಚ್ಚಿದರೆ ಒಳಗೆ ಹೊಸ ನೂರರ ನೋಟು. ಎಲ್ಲವನ್ನೂ ತಟ್ಟೆಗೆ ಹಾಕಿಕೊಂಡು ಹೊಸ್ತಿಲು ದಾಟುವಷ್ಟರಲ್ಲಿ, ಪೂಜೆಗೆ ಕೂತಿದ್ದ ಅತ್ತೆ ವಿಭೂತಿ ಹಚ್ಚಿದ ಕೈಯನ್ನು ಅಡ್ಡ ಹಿಡಿದರು.

“ಮಡಿಲಿಗೆ ಹಾಕ್ಸಿಕೊಂಡಿದ್ದನ್ನ ವಾಪಸ್ ಕೊಡೋದುಂಟೇನೇ? ಗಂಡ ಅಲ್ಲಿ ಮಲಗವ್ನೆ. ನಿನ್ನ ಇಂಗ್ಲಿಷು ನಿನ್ನ ಕುಂಕುಮ ಕಾಯ್ತದಾ?”

ಒಳಗಿನಿಂದ ಯಜಮಾನರು ಕೆಮ್ಮಿದರು. ನಾನು ತಟ್ಟೆ ಇಳಿಸಿದೆ. ಅಕ್ಕಿಯಿರಲಿ, ನೋಟೊಂದನ್ನಾದರೂ ತೆಗೆದು ಹಿಂದಿರುಗಿಸಬಹುದಿತ್ತು. ಹೆದರಿದವಳಿಗೆ ಅಷ್ಟು ಸರಳವಾದದ್ದು ಹೊಳೆಯುವುದಿಲ್ಲ.

ಮತದಾನದ ದಿನ ಆ ಹಳ್ಳಿಯ ಶಾಲೆಯಲ್ಲಿ ನಮ್ಮ ಪ್ರಿಸೈಡಿಂಗ್ ಆಫೀಸರು ಸಖರಾಯಪಟ್ಟಣದ ಕಡೆಯ ಒಬ್ಬ ಹೆಡ್‌ಮಾಸ್ಟರು. ರಿಟೈರಾಗಲು ಕೆಲವೇ ತಿಂಗಳಿದ್ದ ಮೆದು ಮಾತಿನ ಮನುಷ್ಯ. ಎದುರಿನ ಬೆಂಚಿನಲ್ಲಿ ಪಾರ್ಟಿ ಏಜೆಂಟಾಗಿ ಕೂತಿದ್ದವನನ್ನು ನೋಡಿ ತಲೆ ತಗ್ಗಿಸಿದೆ. ಅವನು ಅಕ್ಕನ ತಮ್ಮ.

ನೀರು ಕುಡಿಯುವ ನೆವದಲ್ಲಿ ನನ್ನ ಮೇಜಿನ ಬಳಿ ಬಂದು ಬಗ್ಗಿದ. “ಏನ್ ಮೇಡಂ, ಅಕ್ಕ ಮಡಿಲು ತುಂಬವ್ರಂತೆ. ಇಂಕು ತೆಳ್ಳಗೆ ಹಚ್ಚಿ, ಸಾಕು. ಜಾಸ್ತಿ ಆದ್ರೆ ಸರ್ಕಾರಕ್ಕೆ ಲಾಸು.” ನಕ್ಕ.

ಆಮೇಲೆ ಬಂದ ಹೆಂಗಸರ ಬೆರಳುಗಳಿಗೆ ಮೇಣ ಸವರಿತ್ತು. ಕೆಸುವಿನೆಲೆಯ ಮೇಲಿನ ನೀರಿನಂತೆ ಇಂಕು ಜಾರುತ್ತಿತ್ತು. ಹೇಳಿದರೆ ನೋಟಿನ ವಿಷಯ ಹೊರಬಿದ್ದು ಕೆಲಸ ಹೋಗುತ್ತದೆ. ಹೇಳದಿದ್ದರೆ ಕಳ್ಳ ಓಟಿಗೆ ಕೈ ಜೋಡಿಸಿದಂತೆ. ಬೆಳಿಗ್ಗೆ ಹಸಿರು ಸೀರೆಯಲ್ಲಿ ಬಂದಿದ್ದ ಹೆಂಗಸೊಬ್ಬಳು ಹನ್ನೊಂದರ ಹೊತ್ತಿಗೆ ಕೆಂಪು ಸೀರೆಯಲ್ಲಿ, ಬೇರೆ ಹೆಸರಿನ ಚೀಟಿ ಹಿಡಿದು ಬಂದಳು. ನನ್ನ ಮುಖ ನೋಡದೆ ಬೆರಳು ಚಾಚಿದಳು. ಅವಳೂ ನನ್ನಷ್ಟೇ ಹೆದರಿದ್ದಳು. ನಾನು ಇಂಕು ಹಚ್ಚಿ ಒಳಗೆ ಬಿಟ್ಟೆ.

ಅವಳು ಹೋದ ಮೇಲೆ ತಡೆಯಲಾಗಲಿಲ್ಲ. ಹೆಡ್‌ಮಾಸ್ಟರನ್ನು ಪಕ್ಕದ ಕೋಣೆಗೆ ಕರೆದು ಮಡಿಲು, ನೋಟು, ಮೇಣ ಎಲ್ಲವನ್ನೂ ಹೇಳಿದೆ.

“ಎಷ್ಟು ಜನರನ್ನ ಎರಡನೇ ಸಲ ಬಿಟ್ರಿ?”

“ನಾನು ಗುರುತಿಸಿದ್ದು ಒಬ್ಬಳನ್ನ ಸರ್. ಐ ಆಮ್ ಸಾರಿ ಸರ್.”

ಅವರು ಬಾಗಿಲು ಮುಂದೆ ಮಾಡಿದರು. “ಬೂತಿನ ಡೈರಿಯಲ್ಲಿ ಬರೆದ್ರೆ ನಿಮ್ಮ ಕೆಲಸ ಹೋಗುತ್ತಮ್ಮಾ. ಬರೆಯಲ್ಲ. ಇನ್ನು ಮುಂದೆ ಒಬ್ಬರೂ ಹಾಗೆ ಹೋಗಬಾರದು, ಅಷ್ಟೇ.”

ಬಾಗಿಲಲ್ಲಿ ಒಂದು ಬಕೆಟ್ ನೀರು, ತಂಬಿಗೆ, ಸೋಪು ಇಡಿಸಿದರು. ಕೈ ತೊಳೆದೇ ಒಳಗೆ ಬರಬೇಕು.

ಏಜೆಂಟ್ ಎದ್ದು ನಿಂತ. “ಇದ್ಯಾವ ರೂಲು ಮೇಷ್ಟ್ರೇ? ಓಟಾ, ಊಟಾನಾ?”

“ಎರಡಕ್ಕೂ ಕೈ ಚೊಕ್ಕವಾಗಿರಬೇಕು ಕಣಪ್ಪಾ.”

“ಹಂಗಾದ್ರೆ ನಿಮ್ ಮೇಡಂ ಕೈಯ್ಯೂ ತೊಳೆಸಿ!”

ಸಾಲಿನಲ್ಲಿದ್ದವರು ಗೊಳ್ಳೆಂದರು. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಮೇಣ ನಿಂತಿತು, ನಿಜ. ಆದರೆ ಎಲ್ಲ ಜಾತಿಯವರೂ ಮುಟ್ಟಿದ ತಂಬಿಗೆ ನಾವು ಮುಟ್ಟೆವು ಎಂದು ಕೆಲವರು ಓಟು ಹಾಕದೆಯೇ ತಿರುಗಿ ಹೋದರು. ಆ ಊರಿನಲ್ಲಿ ಹಾಗಾಗಬಹುದೆಂದು ಹೆಡ್‌ಮಾಸ್ಟರಿಗಾಗಲಿ ನನಗಾಗಲಿ ಹೊಳೆದಿರಲಿಲ್ಲ.

ಏಜೆಂಟ್ ಅದನ್ನೇ ಹಿಡಿದ. ಓಟಿಗೆ ಅಡ್ಡಿ ಮಾಡಿದರೆಂದು ಹೆಡ್‌ಮಾಸ್ಟರ ಮೇಲೆ ಅರ್ಜಿ ಹಾಕಿದ. ಅಷ್ಟರಲ್ಲಿ ನೋಟನ್ನು ಅಕ್ಕನ ಬಾಗಿಲ ಸಂದಿಯಲ್ಲಿ ತೂರಿಸಿ, ನಾವು ಬೇರೆ ಮನೆಗೆ ಹೋಗಿ ತಿಂಗಳಾಗಿತ್ತು. ಪೋಸ್ಟ್‌ಮನ್ ಸೈಕಲ್ಲು ಕಂಡರೆ ಒಳಗೆ ಸರಿಯುತ್ತಿದ್ದೆ. ಕೊನೆಗೆ ನನಗೂ ಸಾಕ್ಷಿ ಹೇಳಲು ಕರೆ ಬಂತು.

ವಿಚಾರಣೆಯ ಕಚೇರಿಯ ವರಾಂಡದ ಬೆಂಚಿನಲ್ಲಿ ಅಕ್ಕನ ತಮ್ಮ ಎಲೆ ಅಡಿಕೆ ಅಗಿಯುತ್ತ ಕೂತಿದ್ದ. ನನ್ನನ್ನು ನೋಡಿ ಎದ್ದು ಕೈ ಮುಗಿದ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಒಳಗೆ ವಿಚಾರಣೆಯ ಆಫೀಸರು ಕೇಳಿದರು: “ಬಕೆಟ್ ಯಾಕೆ ಇಡಿಸಿದರು? ಮೇಣ ಇತ್ತು ಅಂತಾರೆ ಇವರು. ಡೈರಿಯಲ್ಲಿ ಒಂದಕ್ಷರ ಇಲ್ಲ. ಇಂಕು ಹಚ್ಚಿದವರು ನೀವು. ನೀವು ನೋಡಿದ್ರಾ?”

ಹೆಡ್‌ಮಾಸ್ಟರು ಮೂಲೆಯಲ್ಲಿ ನಿಂತಿದ್ದರು. ನನ್ನತ್ತ ನೋಡಲಿಲ್ಲ.

“ಗೊತ್ತಿಲ್ಲ ಸರ್,” ಎಂದೆ.

ಹೆಡ್‌ಮಾಸ್ಟರ ಪೆನ್ಷನ್ ತಡೆಹಿಡಿದರೆಂದು ಆಮೇಲೆ ಸ್ಟಾಫ್ ರೂಮಿನಲ್ಲಿ ಕೇಳಿದೆ.

ಅವರನ್ನು ಕೊನೆಯ ಸಲ ಕಂಡದ್ದು ಮರುವರ್ಷ, ಕಡೂರು ಬಸ್ ಸ್ಟ್ಯಾಂಡಿನಲ್ಲಿ. ಕೈಚೀಲ ಹಿಡಿದು ನಿಂತಿದ್ದರು. ತಪ್ಪಿಸಿಕೊಳ್ಳೋಣವೆಂದು ತಿರುಗುವಷ್ಟರಲ್ಲಿ ಅವರೇ ಕೂಗಿದರು.

“ಪ್ರೊಬೇಷನ್ ಡಿಕ್ಲೇರ್ ಆಯ್ತೇನಮ್ಮಾ?”

“ಆಯ್ತು ಸರ್.”

“ಯಜಮಾನರು?”

“ಓಡಾಡ್ತಿದಾರೆ ಸರ್.”

“ಒಳ್ಳೇದಾಯ್ತು.”

“ಸರ್, ಅವತ್ತು ನಾನು...”

“ನನ್ನ ಬಸ್ ಬಂತಮ್ಮಾ, ಬರ್ತೀನಿ,” ಎಂದು ಅವಸರವಾಗಿ ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತುಬಿಟ್ಟರು.

ಬೋರ್ಡು ನೋಡಿದೆ. ಅದು ಸಖರಾಯಪಟ್ಟಣದ ಕಡೆಯದಲ್ಲ, ಅರಸೀಕೆರೆಯ ಬಸ್ಸು.